ರೋಲ್ ನಂಬರ್ ಯಾಕೆ ಸರ್?

ದ್ವಿತೀಯ ಪಿಯುಸಿ ಗಣಕವಿಜ್ಞಾನದಲ್ಲಿ ಅದು ನನ್ನ ಒಂಬತ್ತನೆಯ ಅಭ್ಯಾಸ ಪಾಠ. ಒಂದೇ ಮೆಮೊರಿಯನ್ನು ಹಂಚಿಕೊಂಡ ಪ್ರೊಸೆಸರ್‌ಗಳು ತಮ್ಮಷ್ಟಕ್ಕೆ ತಾವೇ ಬೇರೆ ಬೇರೆ ಸಂಖ್ಯೆ ಪಡೆಯುವುದು ಹೇಗೆ ಎಂಬುದನ್ನು ಚಟುವಟಿಕೆಯಿಂದ ತೋರಿಸಲು ಹೊರಟಿದ್ದೆ. ಕಪ್ಪುಹಲಗೆಯೇ ಮೆಮೊರಿ, ಮಕ್ಕಳೇ ಪ್ರೊಸೆಸರ್. ಹಲಗೆಯ ಮೇಲೆ 0 ಬರೆದೆ. ಬಂದವರು ಅಲ್ಲಿರುವ ಅಂಕಿ ನೋಡಿ, ಒಂದು ಕೂಡಿಸಿ, ಹಳೆಯದನ್ನು ಅಳಿಸಿ ಬರೆಯಬೇಕು. ಬರೆದದ್ದೇ ಅವರ ಸಂಖ್ಯೆ.

ಒಬ್ಬೊಬ್ಬರಾಗಿ ಬಂದಾಗ ಸರಿಹೋಯಿತು. ಇಬ್ಬರನ್ನು ಒಟ್ಟಿಗೆ ಕರೆದೆ. ಇಬ್ಬರೂ 4 ನೋಡಿದರು, ಇಬ್ಬರೂ 5 ಬರೆದರು. ತರಗತಿ ನಕ್ಕಿತು. ಅಲ್ಲಿಯವರೆಗೆ ಎಲ್ಲವೂ ಪಾಠಯೋಜನೆಯಂತೆಯೇ ಇತ್ತು. ಮುಂದಿನ ಹಂತ, ಲ್ಯಾಂಪೋರ್ಟ್ 1974ರಲ್ಲಿ ಪ್ರಕಟಿಸಿದ ಬೇಕರಿ ಅಲ್ಗಾರಿದಮ್: ಟೋಕನ್ ಸಂಖ್ಯೆ ಒಂದೇ ಆದರೆ, ಪ್ರೊಸೆಸರ್‌ನ ಸ್ವಂತ ಸಂಖ್ಯೆ ಯಾರದು ಚಿಕ್ಕದೋ ಅವರು ಮೊದಲು. "ರೋಲ್ ನಂಬರ್ ಚಿಕ್ಕದಿರುವವರಿಗೆ 5, ಇನ್ನೊಬ್ಬರಿಗೆ 6" ಎಂದೆ.

ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಸರ್, ರೋಲ್ ನಂಬರ್ ಇದ್ದಮೇಲೆ ಹಲಗೆಯ ನಂಬರ್ ಯಾಕೆ?"

"ಆಮೇಲೆ ನೋಡೋಣ" ಎಂದೆ. ಗಂಟೆ ಹೊಡೆಯುವವರೆಗೂ ಆ ಆಮೇಲೆ ಬರಲಿಲ್ಲ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಚಟುವಟಿಕೆಯನ್ನು ಮೆಚ್ಚಿ, ಕೆಳಗೆ ಅವಳ ಪ್ರಶ್ನೆಯನ್ನಷ್ಟೇ ಎತ್ತಿ ಬರೆದಿದ್ದರು.

ಆ ರಾತ್ರಿ ಕೂತು ಯೋಚಿಸಿದಾಗ ನಾಚಿಕೆಯಾಯಿತು. ಬೇಕರಿ ಅಲ್ಗಾರಿದಮ್ ಸರದಿ ಕೊಡುತ್ತದೆ, ಗುರುತು ಕೊಡುವುದಿಲ್ಲ; ಗುರುತು ಮೊದಲೇ ಇದೆಯೆಂದುಕೊಂಡೇ ಅದು ಹೊರಡುತ್ತದೆ. ಗುರುತೇ ಇಲ್ಲದೆ ಒಂದೇ ಪ್ರೋಗ್ರಾಂ ನಡೆಸುವ ಎರಡು ಪ್ರೊಸೆಸರ್‌ಗಳು ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದರೆ, ಒಂದು ಓದಿದ್ದನ್ನೇ ಇನ್ನೊಂದೂ ಓದುತ್ತದೆ, ಬರೆದದ್ದನ್ನೇ ಬರೆಯುತ್ತದೆ. ಅವು ಬೇರೆಯಾಗುವುದೆಲ್ಲಿ? ಓದಿ, ಕೂಡಿಸಿ, ಬರೆಯುವ ಮೂರನ್ನೂ ನಡುವೆ ಯಾರೂ ನುಸುಳದಂತೆ ಒಂದೇ ಏಟಿಗೆ ಮುಗಿಸುವ ಆದೇಶ ಯಂತ್ರದಲ್ಲಿದ್ದರೆ ನನ್ನ ಹಲಗೆಯ ಆಟವೇ ಸಾಕು. ಇಲ್ಲವಾದರೆ ನಾಣ್ಯ ಚಿಮ್ಮಬೇಕು. 1990ರಲ್ಲಿ ಲಿಪ್ಟನ್ ಮತ್ತು ಪಾರ್ಕ್ ಈ ಸಮಸ್ಯೆಗೆ ಕೊಟ್ಟ ಪರಿಹಾರವೂ ಅದೃಷ್ಟದ ಆಯ್ಕೆಯನ್ನೇ ನೆಚ್ಚಿದ್ದು.

ಮರುದಿನ ಎರಡು ನಾಣ್ಯ ಒಯ್ದೆ. ಹೆಡ್ ಬಿದ್ದವರು ಹಲಗೆಯ ಎಡ ಚೌಕದಲ್ಲಿ, ಟೇಲ್ ಬಿದ್ದವರು ಬಲ ಚೌಕದಲ್ಲಿ 1 ಬರೆಯಬೇಕು. ಇಬ್ಬರೂ ಬರೆದ ಮೇಲೆ ಎರಡೂ ಚೌಕ ತುಂಬಿದ್ದರೆ ಇಬ್ಬರೂ ಬೇರೆ. ಇಲ್ಲದಿದ್ದರೆ ಅಳಿಸಿ ಮತ್ತೆ ಚಿಮ್ಮುವುದು. ಮೂರನೆಯ ಸಲಕ್ಕೆ ಬೇರೆಯಾದರು. "ಯಾವತ್ತೂ ಬೇರೆ ಆಗದಿದ್ದರೆ?" ಎಂದ ಒಬ್ಬ. ಹತ್ತು ಸಲವೂ ಹಾಗಾಗುವ ಸಂಭವ 1024ರಲ್ಲಿ ಒಂದು ಎಂದು ಅವರಿಂದಲೇ ಲೆಕ್ಕ ಮಾಡಿಸಿದೆ.

ಅವಳು ಮತ್ತೆ ಎದ್ದಳು. "ಸರ್, ಮೂವರು ಬಂದರೆ? ಎರಡೂ ಚೌಕ ತುಂಬಿರುತ್ತೆ, ಆದರೂ ಒಂದರಲ್ಲಿ ಇಬ್ಬರು ಇರ್ತಾರಲ್ಲ?"

ಮೂರನೆಯ ನಾಣ್ಯ ಯಾರ ಬಳಿ ಇದೆಯೆಂದು ಕೇಳಿ, ಅವಳನ್ನೇ ಹಲಗೆಯ ಹತ್ತಿರ ಕರೆದೆ.