ಟಕ್ ಟಕ್ ಸದ್ದಿನ ಲೆಕ್ಕ

ನಿವೃತ್ತಿಯ ನಂತರ ನನ್ನ ಹಳೆಯ ಬುಲೆಟ್ಟಿನ ಎಂಜಿನ್ ಬಿಚ್ಚಿ, ಮತ್ತೆ ಜೋಡಿಸಿದೆ. ಗಾಡಿ ಸ್ಟಾರ್ಟ್ ಆಯಿತು. ಆದರೆ ಒಂದೇ ಸಮನೆ ಟಕ್ ಟಕ್ ಸದ್ದು. “ಸರಿಹೋಗದಿದ್ದರೆ ಗುಜರಿಗೆ ಹಾಕೋಣ ಅಪ್ಪಾ” ಎಂದ ಮಗ.

ಟ್ಯಾಪೆಟ್ ಸಡಿಲವಾಗಿತ್ತು. ಪಿಸ್ಟನ್ ಮೇಲಿದ್ದಾಗಲೇ ಹೊಂದಿಸಿದ್ದೆನಲ್ಲ!

“ತಾತಾ, ಫೋರ್ ಸ್ಟ್ರೋಕಿನಲ್ಲಿ ಪಿಸ್ಟನ್ ಎರಡು ಸಲ ಮೇಲೆ ಬರುತ್ತೆ ಅಂತ ನೀವೇ ಹೇಳಿದ್ರಲ್ಲ. ನೀವು ನೋಡಿದ್ದು ಯಾವ ಸಲ?” ಎಂದಳು ಮೊಮ್ಮಗಳು.

ಮಕ್ಕಳೇ, ನಾನು ಪೆಚ್ಚಾದೆ. ವಾಲ್ವ್‌ಗಳೆರಡೂ ತುಸು ತೆರೆದಿರುವ ಸಲ ಹೊಂದಿಸಿದ್ದೆ! ಎಂಜಿನ್ ತಣ್ಣಗಾದ ಮೇಲೆ, ಎರಡೂ ಮುಚ್ಚಿರುವ ಸಲಕ್ಕೆ ತಂದೆವು. ಪುಶ್‌ರಾಡ್ ಬೆರಳಿಗೆ ಸರಾಗವಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು, ಹಾಗೆ ಹೊಂದಿಸಿದೆವು. ಸದ್ದು ನಿಂತಿತು.

ಜೀವನವಿಡೀ ಲೆಡ್ಜರ್ ತಾಳೆ ನೋಡಿದವನ ತಪ್ಪನ್ನು ಮೊಮ್ಮಗಳು ಹಿಡಿದಳು. “ಹಾಗಾದ್ರೆ ಒಂದು ರೌಂಡ್ ಹೋಗೋಣ” ಎಂದಳು. ಸಾಲ ತೀರಿಸಲೇಬೇಕಲ್ಲ!