ಎರಡಾಳಿನ ಕೆಲಸ, ಒಂದು ಬಲಗೈ

ಕಚೇರಿಯಲ್ಲಿ ಒಬ್ಬರ ಕುರ್ಚಿ ಖಾಲಿಯಾದರೆ ಅವರ ಫೈಲುಗಳು ಪಕ್ಕದವನ ಮೇಜಿಗೆ ನಡೆದು ಬರುತ್ತವೆ. ಅವರ ಸಂಬಳ ಮಾತ್ರ ಬರುವುದಿಲ್ಲ. ಗುಮಾಸ್ತನಾದ ನಾನು ಇದನ್ನು ಸೃಷ್ಟಿನಿಯಮವೆಂದೇ ತಿಳಿದಿದ್ದೆ. ಅಮೆರಿಕದ ಚಾರ್ಲ್ಸ್ ರಾಡ್‌ಬರ್ನನ ಕಥೆ ಓದಿದ ಮೇಲೆ ಆ ನಂಬಿಕೆ ಸ್ವಲ್ಪ ಸಡಿಲವಾಗಿದೆ.

ಬೇಸ್‌ಬಾಲಿನ ಪಿಚರ್ ನಮ್ಮ ಕ್ರಿಕೆಟ್ಟಿನ ಬೌಲರನ ದಾಯಾದಿ. ಆದರೆ ಓವರು ಮುಗಿಯಿತೆಂದು ಅವನು ಚೆಂಡನ್ನು ಇನ್ನೊಬ್ಬನಿಗೆ ದಾಟಿಸುವಂತಿಲ್ಲ. ಆ ಕಾಲದಲ್ಲಿ ಸಾಮಾನ್ಯವಾಗಿ ಇಡೀ ಆಟ ಒಬ್ಬನೇ ಎಸೆಯಬೇಕಿತ್ತು. ರಾಡ್‌ಬರ್ನ್ 1854ರಲ್ಲಿ ಹುಟ್ಟಿದವನು. ಬ್ಲೂಮಿಂಗ್ಟನ್ ಊರಿನಲ್ಲಿ ಬೆಳೆದ ಕಟುಕನ ಮಗ. ಪ್ರಾವಿಡೆನ್ಸ್ ತಂಡದಲ್ಲಿ ಸಂಬಳಕ್ಕೆ ಆಡುತ್ತಿದ್ದ. ಆಗಿನ ಕರಾರಿನಲ್ಲಿ ಒಂದು ಗಂಟಿತ್ತು: ವರ್ಷ ಮುಗಿದರೂ ಮಾಲೀಕರು ಬಿಡದೆ ಆಟಗಾರನು ಬೇರೆ ತಂಡಕ್ಕೆ ಹೋಗುವಂತಿರಲಿಲ್ಲ.

1884ರ ಜುಲೈ ತಿಂಗಳು. ತಂಡದ ಇನ್ನೊಬ್ಬ ಪಿಚರ್ ಸ್ವೀನಿ ಆಟದ ನಡುವೆ ಜಗಳವಾಡಿ ಹೊರಬಿದ್ದ. ರಾಡ್‌ಬರ್ನನನ್ನೋ ಅದೇ ತಿಂಗಳು ಸಸ್ಪೆಂಡ್ ಮಾಡಿ ಕೂರಿಸಿದ್ದರು! ಈಗ ಅವನನ್ನೇ ಕರೆಯಬೇಕಾಯಿತು. ಉಳಿದ ಆಟಗಳ ಹೊರೆ ಹೊರುತ್ತೇನೆಂದ; ಆದರೆ ಎರಡು ಷರತ್ತು ಹಾಕಿದ. ಹೆಚ್ಚಿನ ಸಂಬಳ ಬೇಕು. ವರ್ಷದ ಕೊನೆಗೆ ತನ್ನನ್ನು ಗಂಟಿನಿಂದ ಬಿಡಿಸಬೇಕು. ಮಾಲೀಕರು ಒಪ್ಪಿದರು.

ಆ ವರ್ಷ ತಂಡ ಗೆದ್ದ 84 ಆಟಗಳಲ್ಲಿ ಅವನ ಹೆಸರಿಗೆ ಸಂದದ್ದು 59. ಕೆಲವರ ಲೆಕ್ಕದಲ್ಲಿ 60. (ನೂರು ವರ್ಷ ಕಳೆದರೂ ಆಡಿಟ್ ಮುಗಿದಿಲ್ಲ ನೋಡಿ.) ಬೆಳಿಗ್ಗೆ ತಲೆ ಬಾಚಿಕೊಳ್ಳಲು ಕೈ ಏಳುತ್ತಿರಲಿಲ್ಲವಂತೆ, ಮಧ್ಯಾಹ್ನ ಅದೇ ಕೈ ಚೆಂಡೆಸೆಯುತ್ತಿತ್ತು. ಅಕ್ಟೋಬರಿನಲ್ಲಿ ನ್ಯೂಯಾರ್ಕ್ ತಂಡವನ್ನು ಮೂರು ದಿನಗಳಲ್ಲಿ ಮೂರು ಸಲ ಸೋಲಿಸಿದ.

ಕೊನೆಗೆ ಬಾಗಿಲು ತೆರೆಯಿತು. ಅವನು ಹೋಗಲಿಲ್ಲ! ಸಂಬಳ ಏರಿಸಿಕೊಂಡು ಅದೇ ತಂಡದಲ್ಲಿ ಉಳಿದ. ಹಾಗಾದರೆ ಬಿಡುಗಡೆಯನ್ನು ಕೇಳಿದ್ದೇಕೆ? ಊರು ಬಿಟ್ಟು ಬಂದು ಪರಸ್ಥಳದಲ್ಲಿ ನೆಲೆಸಿರುವ ನಮಗೆ ಉತ್ತರ ಹೊಳೆಯದೆ ಇರದು. ಹೋಗಬಲ್ಲವನು ಇರುವುದೇ ಬೇರೆ, ಹೋಗಲಾರದವನು ಇರುವುದೇ ಬೇರೆ.

1890ರಲ್ಲಿ ಆಟಗಾರರು ಆ ಗಂಟಿನ ವಿರುದ್ಧ ತಮ್ಮದೇ ಲೀಗ್ ಕಟ್ಟಿದಾಗ ರಾಡ್‌ಬರ್ನನೂ ಸೇರಿದ. ಅದು ಒಂದೇ ವರ್ಷ ಬಾಳಿತು. ಮುಂದೆ ಬೇಟೆಯ ಅಪಘಾತದಲ್ಲಿ ಅವನ ಒಂದು ಕಣ್ಣು ಹೋಯಿತು. 1897ರಲ್ಲಿ, 42ನೆಯ ವಯಸ್ಸಿಗೆ ತೀರಿಕೊಂಡ. ಆ ಗಂಟು ಸಡಿಲಲು 1975ರಲ್ಲಿ ಪಂಚಾಯಿತಿಯ ತೀರ್ಪೇ ಬರಬೇಕಾಯಿತು. ಅಷ್ಟು ಮಂದಿ, ಅಷ್ಟು ವರ್ಷ ಕಾದು ಪಡೆದುದನ್ನು ಈ ಕಟುಕನ ಮಗ 1884ರಲ್ಲೇ ಒಂದು ಬೇಸಿಗೆಯ ಮಟ್ಟಿಗೆ ತನ್ನ ನೋಯುವ ತೋಳಿನಿಂದ ದುಡಿದು ಪಡೆದಿದ್ದ.