ತಡವಾಗಿ ಬರುವ ನಗು

ಗಚ್ಚಿಬೌಲಿಗೆ ಬಂದ ಹೊಸತರಲ್ಲಿ ನನಗೊಂದು ಅನುಕೂಲವಿತ್ತು. ಸುಮ್ಮನೆ ಕೂತರೆ ಆಫೀಸಿನವರು, ಪಾಪ, ತೆಲುಗು ಬರಲ್ಲ ಅಂದುಕೊಳ್ಳುತ್ತಿದ್ದರು. ಊಟದ ಹೊತ್ತಿಗೆ ಎಲ್ಲರೂ ನಕ್ಕ ಮೇಲೆ ನಾನು ನಕ್ಕರೂ ತಪ್ಪೆಲ್ಲ ಭಾಷೆಯ ಮೇಲೆ. ವರ್ಷದೊಳಗೆ ತೆಲುಗು ಬಂತು. ಲಿಪಿಯಂತೂ ನಮ್ಮ ಲಿಪಿಯ ಒಡಹುಟ್ಟು. ನಗು ಮಾತ್ರ ತಡವಾಗಿಯೇ ಬರುತ್ತಿತ್ತು. ಆಗ ಹೊಳೆಯಿತು, ಶಿವಮೊಗ್ಗದಲ್ಲಿ, ಕನ್ನಡದಲ್ಲೂ ನನ್ನ ಕಥೆ ಹೀಗೇ ಇತ್ತಲ್ಲ!

ಮದುವೆಮನೆಗೆ ಹೊರಡುವ ಮುಂಚೆ ಬಚ್ಚಲುಮನೆಯಲ್ಲಿ ನಿಂತು "ಚೆನ್ನಾಗಿದೀರಾ ಅತ್ತೆ? ಯಾವಾಗ ಬಂದ್ರಿ?" ಅಂತ ಬಾಯಿಪಾಠ ಮಾಡುತ್ತಿದ್ದೆ. ಎಷ್ಟು ಹೊತ್ತು ಮುಖ ನೋಡಬೇಕು, ಯಾವಾಗ ತಲೆಯಾಡಿಸಬೇಕು ಎಂಬುದನ್ನೆಲ್ಲ ಚಿಕ್ಕಮ್ಮನ ಮಗಳನ್ನು ನೋಡಿ ಕಲಿತದ್ದು. ಅಮ್ಮ ಮಾತ್ರ "ನಮ್ಮ ಹುಡುಗಿಗೆ ಸ್ವಲ್ಪ ನಾಚಿಕೆ" ಅನ್ನೋಳು.

ಮೂವತ್ತೆಂಟನೆಯ ವಯಸ್ಸಿನಲ್ಲಿ ಇದು ಆಟಿಸಂ ಎಂದು ಗೊತ್ತಾಯಿತು. ಬೇರೆಯವರಂತೆ ಕಾಣಲು ನಾನು ಪಡುತ್ತಿದ್ದ ಪಾಡಿಗೆ ಮಾಸ್ಕಿಂಗ್ ಅನ್ನುತ್ತಾರಂತೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ವಿವರಿಸಿದ 11 ಮಕ್ಕಳಲ್ಲಿ ಹೆಣ್ಣುಮಕ್ಕಳು ಮೂವರೇ. ಮರುವರ್ಷ ಹ್ಯಾನ್ಸ್ ಆಸ್ಪರ್ಗರ್ ಬರೆದ ನಾಲ್ವರೂ ಹುಡುಗರು. ಲಕ್ಷಣಗಳ ಪಟ್ಟಿ ಹೆಚ್ಚಾಗಿ ಹುಡುಗರನ್ನು ನೋಡಿಯೇ ಬೆಳೆಯಿತು. ನಕಲು ಮಾಡಿ ಗುಂಪಿನಲ್ಲಿ ಸೇರಿಕೊಂಡ ಹುಡುಗಿಯಲ್ಲಿ ವೈದ್ಯರಿಗೆ ಕಾಣುವುದು ಎಷ್ಟೋ ಸಲ ಆತಂಕ, ಖಿನ್ನತೆ ಮಾತ್ರ. ನಾನೂ ವರ್ಷಗಟ್ಟಲೆ ಆತಂಕದ ಮಾತ್ರೆ ನುಂಗಿದವಳೇ. ಸಂಜೆ ಮನೆ ಸೇರಿದರೆ ದೀಪ ಆರಿಸಿ ಗೋಡೆಗೆ ಒರಗುತ್ತಿದ್ದೆ. ಒಂದು ಮಾತಾಡಲೂ ತ್ರಾಣ ಇರುತ್ತಿರಲಿಲ್ಲ. ಅದನ್ನು ಸೋಮಾರಿತನ ಅಂತಲೇ ನಂಬಿ ನನ್ನನ್ನು ನಾನೇ ಬೈದುಕೊಂಡಿದ್ದೇನೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂಗೆ ಜಾಗವಿದೆ. ಆದರೆ ಅಮ್ಮನಿಗೆ ಹೇಗೆ ಹೇಳುವುದು? ಮೂರು ಭಾನುವಾರ ಫೋನು ಮಾಡಿ ಹವಾಮಾನ ಮಾತಾಡಿ ಇಟ್ಟೆ. ನಾಲ್ಕನೆಯ ಭಾನುವಾರ ಹೇಳಿಬಿಟ್ಟೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ.

"ಅದಕ್ಕೇನಾ ಕುಕ್ಕರ್ ಕೂಗಿದ್ರೆ ಹಿತ್ತಲಿಗೆ ಓಡ್ತಿದ್ದೆ? ನಂಗೂ ಓಡ್ಬೇಕು ಅನ್ಸೋದು ಕಣೇ. ಒಲೆ ಮುಂದೆ ಯಾರು ನಿಲ್ಲೋರು?"

ಅಮ್ಮನಿಗೂ ಅದೇ ಇದೆಯೋ ಇಲ್ಲವೋ, ಅದನ್ನು ಹೇಳುವವಳು ನಾನಲ್ಲ. ಎಪ್ಪತ್ತು ದಾಟಿದ ಅವಳಿಗೆ ಪರೀಕ್ಷೆಯ ಮಾತೂ ಬೇಕಿಲ್ಲ. ಆದರೆ ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕುಕ್ಕರನ್ನು ಅಣ್ಣನಿಗೆ ಒಪ್ಪಿಸಿ ಇಬ್ಬರೂ ಹಿತ್ತಲಲ್ಲಿ ಕೂತೆವು. ಅವಳು ಮಾತಾಡಲಿಲ್ಲ, ನಾನೂ ಮಾತಾಡಿಸಲಿಲ್ಲ. ನಗಬೇಕಾದ ಅವಸರವೂ ಇರಲಿಲ್ಲ.